ಸ್ವಿಚ್ ಪ್ರೋ: ಬಾರದ ಕನ್ಸೋಲ್‌ಗೆ ಕಾದ ವರ್ಷಗಳು

ಜಪಾನಿನ ನಿಂಟೆಂಡೋ ಕಂಪನಿಯ ವಿಡಿಯೋ ಗೇಮ್ ಯಂತ್ರ (ಕನ್ಸೋಲ್) ಸ್ವಿಚ್. ಅದರ ಹೆಚ್ಚು ಶಕ್ತಿಯ ರೂಪ ಎಂದು ಜನ ಊಹಿಸಿದ್ದ 'ಸ್ವಿಚ್ ಪ್ರೋ' ಯಾವ ಅಂಗಡಿಗೂ ಬರಲಿಲ್ಲ. ಆದರೂ ಅದರ ಸ್ಕ್ರೀನ್ ಎಷ್ಟು ಇಂಚು, ಒಳಗಿನ ಚಿಪ್ ಎಂಥದ್ದು, ಟಿವಿಗೆ ಜೋಡಿಸಿದರೆ ಚಿತ್ರ ಎಷ್ಟು ಚೆನ್ನಾಗಿ ಕಾಣುತ್ತದೆ ಎನ್ನುವುದೆಲ್ಲ 2019ರಿಂದ 2021ರವರೆಗೆ ನಿಂಟೆಂಡೋ ಅಭಿಮಾನಿಗಳಿಗೆ ಬಾಯಿಪಾಠವಾಗಿತ್ತು. ಈಗ ಸೋನಿಯ ಪ್ಲೇಸ್ಟೇಷನ್ 6 (ಪಿಎಸ್6) ಬಗ್ಗೆ ಅಂಥದೇ ಮಾತುಗಳು ಶುರುವಾಗಿವೆ. ಯಾವುದು ಕಂಪನಿ ಹೇಳಿದ್ದು, ಯಾವುದು ಪತ್ರಿಕೆ ಬರೆದದ್ದು, ಯಾವುದು ಅಭಿಮಾನಿಯ ಆಸೆ ಎಂದು ಬಿಡಿಸಿ ನೋಡುವುದೇ ಕಷ್ಟವಾಗಿದೆ. ಅದಕ್ಕೇ ಸ್ವಿಚ್ ಪ್ರೋ ಕಥೆಯನ್ನು ಮೊದಲಿಂದ ನೋಡೋಣ.

ಊಹೆಯ ಆಟ ಹಳೆಯದು. 2005ರಲ್ಲಿ ನಿಂಟೆಂಡೋದ ಮುಂದಿನ ಕನ್ಸೋಲ್‌ಗೆ 'ರೆವಲ್ಯೂಷನ್' ಅನ್ನುವ ಗುಪ್ತನಾಮ ಮಾತ್ರ ಇತ್ತು. ಆಗ 'ನಿಂಟೆಂಡೋ ಆನ್' ಅಂತ ತಲೆಗೆ ಹಾಕಿಕೊಳ್ಳುವ ಯಂತ್ರದ ವಿಡಿಯೋ ಒಂದು ಹರಿದಾಡಿತು. ಅದು ಅಭಿಮಾನಿಯೊಬ್ಬರ ಕೈಕೆಲಸ. ನಿಜವಾಗಿ ಬಂದದ್ದು 2006ರ ವೀ. 2015ರ ಮಾರ್ಚ್‌ನಲ್ಲಿ ಆಗಿನ ಅಧ್ಯಕ್ಷ ಸತೋರು ಇವಾಟಾ ಮುಂದಿನ ಕನ್ಸೋಲ್‌ನ ಗುಪ್ತನಾಮವಾಗಿ 'ಎನ್‌ಎಕ್ಸ್' ಅನ್ನುವ ಎರಡಕ್ಷರ ಹೇಳಿದರು. ವಿವರ ಏನೂ ಹೇಳಲಿಲ್ಲ. ಒಂದು ವರ್ಷದ ಬಳಿಕ ಮೊಟ್ಟೆಯಾಕಾರದ, ಪೂರ್ತಿ ಮುಖವೇ ಸ್ಕ್ರೀನ್ ಆಗಿದ್ದ ಕಂಟ್ರೋಲರ್‌ನ ಫೋಟೋಗಳು ಹೊರಬಂದವು. ನಿಂಟೆಂಡೋ ಸಲ್ಲಿಸಿದ್ದ ಒಂದು ಪೇಟೆಂಟ್ ಚಿತ್ರಕ್ಕೆ ಅವು ಸರಿಯಾಗಿ ಹೋಲುತ್ತಿದ್ದವು. ಬಹಳ ಜನ ನಂಬಿದರು. ಆಮೇಲೆ ಅವನ್ನು ಮಾಡಿದವರೇ ಮುಂದೆ ಬಂದು, ನಾವೇ ಮಾಡಿದ್ದು ಎಂದು ತೋರಿಸಿದರು. ಆದರೆ ಅದೇ 2016ರ ಜುಲೈನಲ್ಲಿ ಯೂರೋಗೇಮರ್ ಅನ್ನುವ ಗೇಮಿಂಗ್ ಜಾಲತಾಣ ಬರೆದ ಸುದ್ದಿ ನಿಜವಾಯಿತು: ಕೈಯಲ್ಲಿ ಹಿಡಿಯುವ ಯಂತ್ರ, ಎರಡೂ ಬದಿಗೆ ಬಿಡಿಸಬಹುದಾದ ಕಂಟ್ರೋಲರ್, ಒಳಗೆ ಎನ್‌ವಿಡಿಯಾ ಟೆಗ್ರಾ ಚಿಪ್. ಅಕ್ಟೋಬರ್‌ನಲ್ಲಿ ಕಂಪನಿ ಸ್ವಿಚ್ ತೋರಿಸಿದಾಗ ಅದು ಹಾಗೆಯೇ ಇತ್ತು.

ಹೀಗೆ ಒಂದೇ ವರ್ಷದಲ್ಲಿ ಸುಳ್ಳೂ ಬಂತು, ನಿಜವೂ ಬಂತು. ಮುಂದಿನ ಸಲ ಸುದ್ದಿ ಬಂದಾಗ ಅದನ್ನು ಸುಮ್ನೆ ಗಾಳಿಮಾತು ಎಂದು ತಳ್ಳಿಹಾಕಲು ಯಾರಿಗೂ ಮನಸ್ಸಾಗಲಿಲ್ಲ.

2017ರ ಮಾರ್ಚ್ 3ರಂದು ಸ್ವಿಚ್ ಮಾರಾಟಕ್ಕೆ ಬಂದಾಗ ಅದರೊಳಗಿನ ಟೆಗ್ರಾ ಎಕ್ಸ್1 ಎರಡು ವರ್ಷ ಹಳೆಯ ಚಿಪ್. ಸ್ಕ್ರೀನ್ 6.2 ಇಂಚು, ಅದರ ಚಿತ್ರದ ಸ್ಪಷ್ಟತೆ (ರೆಸಲ್ಯೂಷನ್) 720ಪಿ. ಅಷ್ಟರಲ್ಲಿ ಸೋನಿ ಪಿಎಸ್4 ಪ್ರೋ ಬಿಟ್ಟಾಗಿತ್ತು. ಅದೇ ವರ್ಷದ ಕೊನೆಗೆ ಎಕ್ಸ್‌ಬಾಕ್ಸ್ ಒನ್ ಎಕ್ಸ್ ಕೂಡ ಬಂತು. ಎರಡೂ ಹಳೇ ಕನ್ಸೋಲ್‌ನ ಹೆಚ್ಚು ಶಕ್ತಿಯ ರೂಪಗಳು, ಎರಡರ ಗುರಿಯೂ ಬಹಳ ಸ್ಪಷ್ಟ ಚಿತ್ರ ತೋರಿಸುವ 4ಕೆ ಟಿವಿ. ನಿಂಟೆಂಡೋ ಕೂಡ ಹಿಂದೆ ಗೇಮ್ ಬಾಯ್ ಕಲರ್, ಡಿಎಸ್ಐ, ನ್ಯೂ 3ಡಿಎಸ್ ಅಂತ ನಡುವಿನ ಮಾದರಿಗಳನ್ನು ಬಿಟ್ಟ ಕಂಪನಿಯೇ. ಹಾಗಾದರೆ ಸ್ವಿಚ್‌ಗೂ ಒಂದು ಪ್ರೋ ಬರಬೇಕಲ್ವಾ? ಈ ಲೆಕ್ಕದಲ್ಲಿ ತಪ್ಪು ಹುಡುಕುವುದು ಇವತ್ತಿಗೂ ನನಗೆ ಕಷ್ಟ.

2019ರ ಮಾರ್ಚ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಎರಡು ಹೊಸ ಸ್ವಿಚ್ ಬರಲಿವೆ ಎಂದು ಬರೆಯಿತು. ಒಂದು ಅಗ್ಗದ್ದು, ಇನ್ನೊಂದು ಹೆಚ್ಚಿನ ಸೌಲಭ್ಯದ್ದು. ಅಗ್ಗದ್ದು ಸೆಪ್ಟೆಂಬರ್‌ನಲ್ಲಿ ಸ್ವಿಚ್ ಲೈಟ್ ಆಗಿ ಬಂತು. ಇನ್ನೊಂದರ ಜಾಗದಲ್ಲಿ ಬಂದದ್ದು ಹಳೇ ಸ್ವಿಚ್‌ನ ಹೆಚ್ಚು ಬ್ಯಾಟರಿ ಬಾಳುವ ರೂಪ. ಅರ್ಧ ನಿಜವಾದ ಸುದ್ದಿಯ ಉಳಿದರ್ಧ ಮುಂದೆ ನಿಜವಾಗುತ್ತದೆ ಎಂದು ನಂಬುವುದು ಸಹಜ. ನಾವೂ ನಂಬಿದೆವು.

2020ರಲ್ಲಿ ಆ ನಂಬಿಕೆಗೆ ತಂತ್ರಜ್ಞಾನದ ಆಧಾರವೂ ಸಿಕ್ಕಿತು. ಎನ್‌ವಿಡಿಯಾ ತನ್ನ ಡಿಎಲ್‌ಎಸ್‌ಎಸ್ ತಂತ್ರದ ಎರಡನೇ ಆವೃತ್ತಿ ಬಿಡುಗಡೆ ಮಾಡಿತು. ಆಟದ ಚಿತ್ರವನ್ನು ಮೊದಲು ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ, ಆಮೇಲೆ ಎಐ ಬಳಸಿ ದೊಡ್ಡದು ಮಾಡುವ ಉಪಾಯ ಇದು. 4ಕೆ ಚಿತ್ರದಲ್ಲಿ 720ಪಿ ಚಿತ್ರದ ಒಂಬತ್ತು ಪಟ್ಟು ಪಿಕ್ಸೆಲ್‌ಗಳಿರುತ್ತವೆ. ಬ್ಯಾಟರಿಯಲ್ಲಿ ಓಡುವ ಚಿಕ್ಕ ಚಿಪ್‌ಗೆ ಅಷ್ಟನ್ನೂ ಬಿಡಿಸುವ ಶಕ್ತಿ ಇಲ್ಲ. ಡಿಎಲ್‌ಎಸ್‌ಎಸ್ ಇದ್ದರೆ ಆ ಕೆಲಸ ಬಹಳ ಹಗುರ. ಆದರೆ ಅದಕ್ಕೆ ಬೇಕಾದ, ಎಐ ಲೆಕ್ಕಕ್ಕೆಂದೇ ಇರುವ ಟೆನ್ಸರ್ ಕೋರ್‌ಗಳು ಟೆಗ್ರಾ ಎಕ್ಸ್1ನಲ್ಲಿ ಇರಲಿಲ್ಲ. ಅಂದರೆ ಹೊಸ ಚಿಪ್ ಬೇಕೇ ಬೇಕು. ಅಭಿಮಾನಿಗಳ ಊಹೆ ಇಲ್ಲಿಗೆ ಬರೀ ಆಸೆಯಾಗಿ ಉಳಿದಿರಲಿಲ್ಲ.

ಆ ವರ್ಷ ನಾನು ಸ್ವಿಚ್ ಕೊಳ್ಳಲು ದುಡ್ಡು ಕೂಡಿಟ್ಟಿದ್ದೆ. ನಿಂಟೆಂಡೋ ಭಾರತದಲ್ಲಿ ಸ್ವಿಚ್ಚನ್ನು ಅಧಿಕೃತವಾಗಿ ಮಾರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಬೇಕೆಂದರೆ ಹೊರಗಿನಿಂದ ತರಿಸುವ ಅಂಗಡಿಗಳೇ ಗತಿ. ಕಂಪನಿಯ ಗ್ಯಾರಂಟಿ ಇಲ್ಲ, ಬೆಲೆಯೂ ಜಾಸ್ತಿ. ಒಂದು ಸಲ ಕೊಂಡರೆ ಮತ್ತೆ ಐದಾರು ವರ್ಷ ಆ ಮಾತಿಲ್ಲ. ಲಾಕ್‌ಡೌನ್‌ನಲ್ಲಿ ಜಗತ್ತಿನಾದ್ಯಂತ ಸ್ವಿಚ್‌ಗೆ ಬೇಡಿಕೆ ಏರಿ, ಇಲ್ಲಿ ಬೆಲೆ ಇನ್ನೂ ಮೇಲೆ ಹೋಯಿತು. ಪ್ರೋ ಹೇಗೂ ಬರುತ್ತದೆ ಎಂದು ಕಾಯಲು ನಿರ್ಧರಿಸಿದೆ. ಅಂಗಡಿಯವರೂ ಅದನ್ನೇ ಹೇಳಿದರು.

2021ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ವರದಿ ಬಂತು: ಸ್ಯಾಮ್‌ಸಂಗ್ ತಯಾರಿಸುವ 7 ಇಂಚಿನ ಓಲೆಡ್ ಸ್ಕ್ರೀನ್, ಟಿವಿಗೆ ಜೋಡಿಸಿದರೆ 4ಕೆ. ಮೇ ಕೊನೆಯ ವರದಿ ಇನ್ನೂ ಮುಂದೆ ಹೋಗಿ, ಜೂನ್‌ನ ಇ3 ಗೇಮಿಂಗ್ ಮೇಳಕ್ಕೆ ಮೊದಲೇ ಘೋಷಣೆ ಆಗಬಹುದು ಎಂದಿತು. ಘೋಷಣೆ ಬರಲಿಲ್ಲ. ಜೂನ್ 15ರ ನಿಂಟೆಂಡೋ ಕಾರ್ಯಕ್ರಮ ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ ಶುರುವಾಯಿತು. ಬರೀ ಆಟಗಳ ಬಗ್ಗೆ ಎಂದು ಮೊದಲೇ ಹೇಳಿದ್ದರೂ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದೆ.

ಜುಲೈ 6ರಂದು ಸ್ವಿಚ್ ಓಲೆಡ್‌ನ ಘೋಷಣೆ ಬಂತು. 7 ಇಂಚಿನ ಓಲೆಡ್ ಸ್ಕ್ರೀನ್ ಇತ್ತು. ವರದಿಯ ಆ ಭಾಗ ಅಕ್ಷರಶಃ ನಿಜ. 4ಕೆ ಇರಲಿಲ್ಲ. ಚಿಪ್ ಹಳೆಯದೇ. ಅದು ಒಳ್ಳೆಯ ಯಂತ್ರ, ಅದರ ಸ್ಕ್ರೀನ್ ನೋಡಿದವರಿಗೆ ಗೊತ್ತು. ಆದರೂ ಆ ದಿನ ಅಭಿಮಾನಿಗಳಿಗೆ ಕಂಡದ್ದು ಅದರಲ್ಲಿ ಏನಿಲ್ಲ ಎನ್ನುವುದು ಮಾತ್ರ. ಹದಿಮೂರು ದಿನಗಳ ನಂತರ ನಿಂಟೆಂಡೋ, ಸದ್ಯಕ್ಕೆ ಬೇರೆ ಮಾದರಿ ತರುವ ಯೋಜನೆ ಇಲ್ಲ ಎಂದು ಟ್ವೀಟ್ ಮಾಡಿತು. ಅದೇ ಒಂದು ಸಾಲು ಮಾರ್ಚ್‌ನಲ್ಲಿ ಬಂದಿದ್ದರೆ ಎಷ್ಟೋ ಜನರಿಗೆ ಉಪಕಾರವಾಗುತ್ತಿತ್ತು.

ಕಂಪನಿಗಳು ಸುಮ್ಮನಿರಲು ಕಾರಣವೂ ಇದೆ. ಹೊಸದು ಬರುತ್ತದೆ ಎಂದರೆ ಹಳೆಯದನ್ನು ಯಾರೂ ಕೊಳ್ಳುವುದಿಲ್ಲ. 1983ರಲ್ಲಿ ದಿವಾಳಿಯಾದ ಆಸ್ಬೋರ್ನ್ ಕಂಪ್ಯೂಟರ್ ಕಂಪನಿಯ ಹೆಸರನ್ನೇ ಈ ಭಯಕ್ಕೆ ಇಟ್ಟಿದ್ದಾರೆ. 2021ರ ಮಾರ್ಚ್‌ಗೆ ಮುಗಿದ ಒಂದೇ ವರ್ಷದಲ್ಲಿ 2.88 ಕೋಟಿ ಸ್ವಿಚ್ ಮಾರಾಟವಾಗಿತ್ತು. ಜಗತ್ತಿನಲ್ಲಿ ಚಿಪ್‌ಗಳ ಬರ ಬೇರೆ. ಅಂಥ ಹೊತ್ತಲ್ಲಿ ಹೊಸ ಚಿಪ್‌ಗೆ ಅವಸರವೇನಿರುತ್ತದೆ?

ಆದರೆ ಲೆಕ್ಕ ಹಾಕಿದವರು ತಪ್ಪಿರಲಿಲ್ಲ. 2022ರಲ್ಲಿ ಎನ್‌ವಿಡಿಯಾದಿಂದ ಹ್ಯಾಕರ್‌ಗಳು ಕದ್ದ ದತ್ತಾಂಶದಲ್ಲಿ, ನಿಂಟೆಂಡೋದ ಮುಂದಿನ ಯಂತ್ರಕ್ಕೆ ಎನ್ನಲಾದ ಟಿ239 ಅನ್ನುವ ಚಿಪ್‌ನ ಹೆಸರು, ಡಿಎಲ್‌ಎಸ್‌ಎಸ್ ಗುರುತು ಎರಡೂ ಸಿಕ್ಕವು. 2024ರ ಮೇ 7ರಂದು ನಿಂಟೆಂಡೋ ಅಧ್ಯಕ್ಷ ಶುಂತಾರೋ ಫುರುಕಾವಾ, ಸ್ವಿಚ್‌ನ ನಂತರದ ಕನ್ಸೋಲ್ ಬಗ್ಗೆ ಈ ಆರ್ಥಿಕ ವರ್ಷದೊಳಗೆ ಘೋಷಿಸುತ್ತೇವೆ ಎಂದರು. 2025ರ ಜನವರಿ 16ರಂದು ಸ್ವಿಚ್ 2 ತೋರಿಸಿದ ಚಿಕ್ಕ ವಿಡಿಯೋದಲ್ಲಿ, ಬದಿಯಿಂದ ಬಿಡಿಸುವ ಕಂಟ್ರೋಲರ್‌ಗಳಾದ ಜಾಯ್‌ಕಾನ್‌ಗಳು ನೆಲದ ಮೇಲೆ ಜಾರಿದ್ದನ್ನು ನೋಡಿ, ಅವು ಮೌಸ್ ಥರ ಕೆಲಸ ಮಾಡುತ್ತವೆ ಎಂದು ಅಭಿಮಾನಿಗಳು ಹೇಳಿಬಿಟ್ಟರು. ಏಪ್ರಿಲ್ 2ರಂದು ಅದೂ ನಿಜವಾಯಿತು. ಜೂನ್ 5ರಂದು ಸ್ವಿಚ್ 2 ಬಂತು. ಹೊಸ ಎನ್‌ವಿಡಿಯಾ ಚಿಪ್, ಡಿಎಲ್‌ಎಸ್‌ಎಸ್, ಟಿವಿಗೆ ಜೋಡಿಸುವ ಡಾಕ್‌ಗೆ ಇಟ್ಟರೆ 4ಕೆ. ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2020ರಲ್ಲಿ ಊಹಿಸಿದ ಯಂತ್ರ ಐದು ವರ್ಷ ತಡವಾಗಿ, ಬೇರೆ ಹೆಸರಲ್ಲಿ ಬಂದಿತ್ತು. ಸ್ಕ್ರೀನ್ ಮಾತ್ರ ಓಲೆಡ್ ಅಲ್ಲ, ಎಲ್‌ಸಿಡಿ.

ಮೊನ್ನೆ ಅಕ್ಕನ ಮಗ ಕೇಳಿದ, "ಮಾಮ, ಪಿಎಸ್5 ತಗೊಳ್ಳಲಾ, 6 ಬರೋವರೆಗೆ ಕಾಯಲಾ?" 2027ಕ್ಕೇ ಬರುತ್ತದೆ ಎಂದು ಎಲ್ಲೋ ಓದಿದ್ದನಂತೆ. 2025ರ ಅಕ್ಟೋಬರ್‌ನಲ್ಲಿ ಸೋನಿಗೆ ಪ್ಲೇಸ್ಟೇಷನ್ ವಿನ್ಯಾಸ ಮಾಡುವ ಮಾರ್ಕ್ ಸೆರ್ನಿ, ಚಿಪ್ ಕಂಪನಿ ಎಎಂಡಿ ಜೊತೆ ಮಾಡುತ್ತಿರುವ ಹೊಸ ಗ್ರಾಫಿಕ್ಸ್ ತಂತ್ರಗಳನ್ನು ಕೆಲವು ವರ್ಷಗಳಲ್ಲಿ ಮುಂದಿನ ಕನ್ಸೋಲ್‌ಗೆ ತರುವ ಆಸೆ ಇದೆ ಎಂದರು. ಆ ಮಾತಿನಲ್ಲಿ ಹೆಸರಿರಲಿಲ್ಲ, ಬೆಲೆ ಇರಲಿಲ್ಲ, ತಾರೀಖೂ ಇರಲಿಲ್ಲ. ಅವನಿಗೆ ಅಷ್ಟನ್ನೇ ಹೇಳಿದೆ. ಆಮೇಲೆ ಪಿಎಸ್5 ಬೆಲೆ ನೋಡಲು ಇಬ್ಬರೂ ಕೂತೆವು.