ಪ್ಲೇಕ್ ಎಂಬ ಅಂಬಲಿ

‘ರಕ್ತದಲ್ಲಿನ ಪ್ಲೇಕ್ ಪರೀಕ್ಷಿಸಿಕೊಳ್ಳಿ, ಪಾರ್ಶ್ವವಾಯು ತಡೆಯಿರಿ’ ಎಂಬ ಲ್ಯಾಬಿನ ಕರಪತ್ರವೊಂದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಅಂಟಿಕೊಂಡಿದೆ. ಅದೇ ವಾರ ಜಯನಗರದ ಪಾರ್ಕಿನಲ್ಲಿ ಹಿರಿಯರೊಬ್ಬರು ತಮ್ಮ ಪ್ಲೇಕ್ ಎರಡು ಲಕ್ಷ ಇದೆ ಎಂದು ನೆಮ್ಮದಿಯಿಂದ ಹೇಳಿಕೊಂಡರು. ಅವರ ಮನಸ್ಸಿನಲ್ಲಿದ್ದದ್ದು ಪ್ಲೇಟ್‌ಲೆಟ್, ಡೆಂಗಿ ಬಂದಾಗ ಊರಿಡೀ ಎಣಿಸುವ ಕಣ.

ಪ್ಲೇಕ್ ಬೇರೆಯೇ, ಅದು ರಕ್ತನಾಳದ ಗೋಡೆಯೊಳಗೆ ಕೊಬ್ಬು ಸೇರಿ ಕಟ್ಟುವ ದಪ್ಪ. ಫ್ರೆಂಚಿನಲ್ಲಿ ಪ್ಲೇಕ್ ಎಂದರೆ ತಗಡು, ಫಲಕ. ಪಾರ್ಕಿನ ಗೋಡೆಯಲ್ಲಿ ಉದ್ಘಾಟಕರ ಹೆಸರು ಹೊತ್ತು ಕೂತಿರುತ್ತದಲ್ಲ, ಅದೇ. ಗೋಡೆಯಲ್ಲಿ ಕೂತದ್ದನ್ನು ರಕ್ತದಲ್ಲಿ ಹುಡುಕುವುದೆಂತು? ಇದರ ಇನ್ನೊಂದು ಹೆಸರು ‘ಅಥೆರೋಮಾ’ ಮತ್ತೂ ಸೊಗಸು. ಗ್ರೀಕಿನ ‘ಅಥೇರೆ’ ಎಂದರೆ ಗಂಜಿ, ನಮ್ಮ ಅಂಬಲಿಯಂಥದ್ದು. ನಾಳವನ್ನು ಕೊಯ್ದವರಿಗೆ ನಾರಿನ ಮುಚ್ಚಳದಡಿ ಕಂಡದ್ದು ಹಳದಿ ಗಂಜಿ. 1904ರಲ್ಲಿ ಜರ್ಮನಿಯ ಫೆಲಿಕ್ಸ್ ಮಾರ್ಷಾಂಡ್ ಇದಕ್ಕೆ ಗಡಸು ಎಂಬರ್ಥದ ‘ಸ್ಕ್ಲೀರೋಸಿಸ್’ ಸೇರಿಸಿ ‘ಅಥೆರೋಸ್ಕ್ಲೀರೋಸಿಸ್’ ಎಂದರು. ಗಂಜಿಯೂ ಹೌದು, ಗಡಸೂ ಹೌದು. ಇಷ್ಟು ಚೆನ್ನಾದ ಹೆಸರಿರುವಾಗ ‘ಪೈಪಿನಲ್ಲಿ ಕಸ ಕಟ್ಟಿದೆ’ ಎನ್ನುವ ಹಟವೇಕೋ!

ಬೋರ್‌ವೆಲ್ ನೀರಿನ ಪೈಪಿನೊಳಗೆ ಬಿಳಿ ಹಿಟ್ಟು ಕಟ್ಟುವ ಬಗೆ ಇದಲ್ಲ. ಕೊಬ್ಬು ನಾಳದ ಒಳಪದರದ ಅಡಿಗೆ ನುಸುಳುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಉಬ್ಬಿ ಸಾಯುತ್ತವೆ. ಗೋಡೆ ಹೊರಮುಖವಾಗಿಯೂ ಉಬ್ಬಬಲ್ಲದು. ಆಗ ರಕ್ತ ಹರಿಯುವ ದಾರಿ ಸಲೀಸಾಗಿಯೇ ಕಾಣುತ್ತದೆ. ಆದ್ದರಿಂದ ‘ಬ್ಲಾಕ್ ಇಲ್ಲ’ ಎಂಬ ಮಾತಿಗೆ ‘ಪ್ಲೇಕ್ ಇಲ್ಲ’ ಎಂಬ ಅರ್ಥ ಹಚ್ಚಬಾರದು.

ಪ್ಲೇಟ್‌ಲೆಟ್ ಬರುವುದು ಪ್ಲೇಕಿನ ಆ ನಾರಿನ ಮುಚ್ಚಳ ಹರಿದ ಮೇಲೆ. ಅವು ಮುತ್ತಿಕೊಂಡು ಹೆಪ್ಪು ಕಟ್ಟುತ್ತದೆ. ಅದು ಅಲ್ಲೇ ನಾಳವನ್ನು ಮುಚ್ಚಬಹುದು, ಇಲ್ಲವೇ ಚೂರೊಂದು ಕಳಚಿ ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಪಾರ್ಶ್ವವಾಯುವಿಗೆ ಬೇರೆ ಕಾರಣಗಳೂ ಉಂಟು, ಆ ಮಾತು ಬೇರೆ.

ಇನ್ನು ರಕ್ತದ ಸೂಚಕಗಳು. ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟ್ರಾಲ್’, ಗಂಜಿಯ ಕಚ್ಚಾ ಸಾಮಗ್ರಿ. ಸಿಆರ್‌ಪಿ ಎಂಬ ಪ್ರೋಟೀನ್ ಉರಿಯೂತದ ಸುಳಿವು. ಹಲ್ಲಿನ ಬುಡದಲ್ಲಿ ಕೀವಾದರೂ ಏರುತ್ತದೆ, ಜ್ವರ ಬಂದರೂ ಏರುತ್ತದೆ. ಹೊಗೆ ಕಂಡವನು ಒಲೆ ಯಾರ ಮನೆಯದೆಂದು ಹೇಳಲಾರ. ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ರಕ್ತದಲ್ಲಿ ಹೆಚ್ಚಿರುವುದು ಬಿ12 ಕೊರತೆಯಿಂದಲೂ ಇರಬಹುದು. ಇವು ಅಪಾಯದ ಅಂದಾಜಿಗೆ ನೆರವಾಗುತ್ತವೆ, ಅಷ್ಟೇ. ಪ್ಲೇಕನ್ನೇ ಕಾಣಬೇಕಾದರೆ ಕತ್ತಿನ ನಾಳಕ್ಕೆ ಡಾಪ್ಲರ್ ಎಂಬ ಅಲ್ಟ್ರಾಸೌಂಡ್ ಸ್ಕ್ಯಾನ್ ಇದೆ. ತಲೆಬುರುಡೆಯೊಳಗಿನ ನಾಳಗಳಲ್ಲಿ ಪ್ಲೇಕ್ ಕಟ್ಟುವುದು ಬಿಳಿಯರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಅಲ್ಲಿಗೆ ನಾಳದ ಗೋಡೆಯನ್ನೇ ತೋರಿಸುವ ಎಂಆರ್‌ಐ ಬೇಕು. ಲಿಫ್ಟಿನ ಕರಪತ್ರದ ಪ್ಯಾಕೇಜಿನಲ್ಲಿ ಇವೆರಡೂ ಇಲ್ಲ.