ನಿರೋಧಕತೆ ಬಂದಿರುವುದು ಯಾರಿಗೆ? ಔಷಧ ಅಂಗಡಿಯ ಕೌಂಟರ್‌ ಹಿಂದೆ ನಿಂತು ಬರೆದುಕೊಂಡ ಟಿಪ್ಪಣಿ

ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಪರೀಕ್ಷೆ ಬರೆದು 500 ಗಂಟೆಗಳ ಪ್ರಾಯೋಗಿಕ ತರಬೇತಿಗೆ ಔಷಧ ಅಂಗಡಿಯೊಂದಕ್ಕೆ ಸೇರಿದ್ದೇನೆ. ‘ಸೂಕ್ಷ್ಮಜೀವಿಗಳ ಔಷಧ ನಿರೋಧಕತೆ ತಡೆಯುವಲ್ಲಿ ಫಾರ್ಮಸಿಸ್ಟ್ ಪಾತ್ರ’ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದಿದ್ದೆ. ಸೇರಿದ ಮೂರನೆಯ ದಿನ ಬಂದ ಗಿರಾಕಿಯೊಬ್ಬರು, “ಆ ಮಾತ್ರೆ ಮೈಗೆ ಒಗ್ಗಿಹೋಗಿದೆ, ಈಗ ಹಿಡಿಯುವುದಿಲ್ಲ, ಅದಕ್ಕಿಂತ ಪವರ್ ಇರುವುದು ಕೊಡಿ” ಎಂದರು. ಅವರು ಹೇಳಿದ್ದು ತಪ್ಪು ಎಂದು ಗೊತ್ತಿತ್ತು. ಎಲ್ಲಿ ತಪ್ಪು ಎಂದು ಹೇಳಲು ಬಾಯಿ ಬರಲಿಲ್ಲ. ಡಿಪ್ಲೊಮಾ ಮುಗಿದ ಮೇಲಿನ ಎಕ್ಸಿಟ್ ಪರೀಕ್ಷೆಗೆ ಓದುತ್ತಿರುವ ನಿಮಗೂ ಹೀಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಪದವೇ ಕಾಲು ತೊಡರಿಸಿತು

ನನ್ನ ಗೊಂದಲದ ಅರ್ಧ ಪಾಲು ‘ನಿರೋಧಕ’ ಎಂಬ ಪದದ್ದು. ಚಿಕ್ಕಂದಿನಿಂದ ಕೇಳಿದ್ದು ‘ರೋಗನಿರೋಧಕ ಶಕ್ತಿ’. ಅದು ನಮ್ಮ ಮೈಯದು, ಹೆಚ್ಚಿದಷ್ಟೂ ಒಳ್ಳೆಯದು. ಅದೇ ಕಿವಿಗೆ ‘ಔಷಧ ನಿರೋಧಕತೆ’ ಎಂದು ಬಿದ್ದಾಗ, ಇದೂ ಮೈಯದೇ ಗುಣ ಎಂದು ಮನಸ್ಸು ಜೋಡಿಸಿಕೊಂಡುಬಿಡುತ್ತದೆ. ಆ ಗಿರಾಕಿ ಹೇಳಿದ ‘ಮೈಗೆ ಒಗ್ಗಿಹೋಗಿದೆ’ ಎಂಬುದೂ ಇದೇ ತಪ್ಪು. ಒಗ್ಗಿದ್ದು ಮೈಗಲ್ಲ, ಔಷಧಕ್ಕೆ ಸಾಯದೆ ಉಳಿಯುವ ಈ ನಿರೋಧಕತೆ ಬ್ಯಾಕ್ಟೀರಿಯಾದ್ದು.

ಇದು ಬರೀ ಪದದ ಜಗಳವಲ್ಲ. ಮೈ ಒಗ್ಗುವುದೇ ನಿಜವಾದರೆ, ಜನ್ಮದಲ್ಲಿ ಒಂದೂ ಆ್ಯಂಟಿಬಯಾಟಿಕ್ ನುಂಗದವರಿಗೆ ಭಯವೇ ಇರಬಾರದು. ಆದರೆ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ನಾನು ನುಂಗಿದ ಮಾತ್ರೆಯಿಂದ ಬೆಳೆದ ತಳಿ ನನ್ನ ಅಜ್ಜಿಗೆ ಅಂಟಬಹುದು.

‘ಕಲಿಯುತ್ತದೆ’ ಎನ್ನಬೇಡಿ

ಬ್ಯಾಕ್ಟೀರಿಯಾ ಔಷಧವನ್ನು ನೋಡಿ ನೋಡಿ ಅದನ್ನು ಎದುರಿಸಲು ಕಲಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಉತ್ತರದಲ್ಲಿ ಹಾಗೇ ಬರೆದಿದ್ದೆ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಇದನ್ನು ಒಂದು ವೆಲ್ವೆಟ್ ಬಟ್ಟೆಯಿಂದ ಬಗೆಹರಿಸಿದರು. ಔಷಧವಿಲ್ಲದ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮೇಲೆ ಬಟ್ಟೆಯನ್ನು ಮುದ್ರೆಯಂತೆ ಒತ್ತಿ, ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಹಲವು ತಟ್ಟೆಗಳಿಗೆ ಒತ್ತಿದರು. ಬದುಕಿದ ಗುಂಪುಗಳು ಎಲ್ಲ ತಟ್ಟೆಗಳಲ್ಲೂ ಒಂದೇ ಜಾಗದಲ್ಲಿ ಎದ್ದವು. ಔಷಧ ತಾಗಿದ ಮೇಲೆ ಕಲಿತಿದ್ದರೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಏಳಬೇಕಿತ್ತು. ಅಂದರೆ ತಡೆದುಕೊಳ್ಳಬಲ್ಲವು ಔಷಧಕ್ಕೆ ಮುಂಚೆಯೇ ಅಲ್ಲಿದ್ದವು. ಔಷಧ ಮಾಡಿದ್ದು ಆಯ್ಕೆ ಮಾತ್ರ. ರಾಗಿ ಜರಡಿ ಹಿಡಿದರೆ ಜರಡಿ ಕಲ್ಲನ್ನು ಹುಟ್ಟಿಸುವುದಿಲ್ಲ, ಇದ್ದ ಕಲ್ಲನ್ನು ಉಳಿಸಿ ತೋರಿಸುತ್ತದೆ.

ಲೆಕ್ಕ ಹಾಕಿ ನೋಡಿದಾಗ ನನಗೆ ಇನ್ನಷ್ಟು ಹಿಡಿತ ಸಿಕ್ಕಿತು. ಹತ್ತು ಕೋಟಿ ಬ್ಯಾಕ್ಟೀರಿಯಾದಲ್ಲಿ ಹತ್ತು ಮಾತ್ರ ನಿರೋಧಕ ಎಂದುಕೊಳ್ಳಿ. ಔಷಧ ಉಳಿದವನ್ನೆಲ್ಲ ಕೊಂದಿತು. ಪ್ರಯೋಗಾಲಯದ ಅನುಕೂಲದಲ್ಲಿ ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತದೆ. ಎಂಟು ಗಂಟೆಗೆ 24 ಇಮ್ಮಡಿ, ಹತ್ತು ಹೋಗಿ 16.7 ಕೋಟಿ ದಾಟುತ್ತದೆ. ದೇಹದೊಳಗೆ ಈ ವೇಗ ಇರುವುದಿಲ್ಲ, ರೋಗನಿರೋಧಕ ಶಕ್ತಿಯೂ ಅಡ್ಡ ಬರುತ್ತದೆ. ಆದರೂ ಮೊದಲು ಊಟಕ್ಕೆ ಪೈಪೋಟಿ ಮಾಡುತ್ತಿದ್ದ ಕೋಟಿಗಟ್ಟಲೆ ನೆರೆಹೊರೆಯವರು ಸತ್ತು ಜಾಗ ಖಾಲಿಯಾಗಿದೆ.

ವೈರಸ್ ಜ್ವರಕ್ಕೆ ಕೊಟ್ಟರೆ ನಷ್ಟವೇನು?

ನಾನು ನಿಜಕ್ಕೂ ಸಿಕ್ಕಿಕೊಂಡದ್ದು ಇಲ್ಲಿ. ನೆಗಡಿ ವೈರಸ್‌ನಿಂದ ಬರುತ್ತದೆ. ಆ್ಯಂಟಿಬಯಾಟಿಕ್ ವೈರಸ್‌ಗೆ ತಾಗುವುದಿಲ್ಲ. ಸರಿ, ಹಾಗಾದರೆ ದುಡ್ಡು ದಂಡ, ಅಷ್ಟೇ ತಾನೆ? ಕೊಲ್ಲಬೇಕಾದ ಬ್ಯಾಕ್ಟೀರಿಯಾವೇ ಇಲ್ಲದ ಕಡೆ ನಿರೋಧಕತೆ ಎಲ್ಲಿಂದ ಬಂತು? ಎರಡು ದಿನ ಈ ಪ್ರಶ್ನೆ ಹಿಡಿದುಕೊಂಡು ಕುಳಿತಿದ್ದೆ. ಪಠ್ಯದಲ್ಲಿ ‘ಅನಗತ್ಯ ಬಳಕೆ ನಿರೋಧಕತೆಗೆ ಕಾರಣ’ ಎಂದು ಒಂದೇ ಸಾಲು, ನಡುವಿನ ಕೊಂಡಿ ಇಲ್ಲ.

ಕೊಂಡಿ ಇರುವುದು ಕರುಳಿನಲ್ಲಿ. ರೋಗದ ಬ್ಯಾಕ್ಟೀರಿಯಾ ಇಲ್ಲದಿದ್ದರೂ ಕರುಳು, ಗಂಟಲು, ಚರ್ಮದ ತುಂಬ ನಮ್ಮಲ್ಲೇ ನೆಲೆಸಿರುವ ಬ್ಯಾಕ್ಟೀರಿಯಾ ಇವೆ. ನೆಗಡಿಗೆಂದು ನುಂಗಿದ ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಮೂಗಿಗೆ ಮಾತ್ರ ಹೋಗುವುದಿಲ್ಲ, ಇವೆಲ್ಲಕ್ಕೂ ಬಡಿಯುತ್ತದೆ. ಕರುಳಿನ ಇ. ಕೊಲೈಗಳಲ್ಲಿ ಔಷಧವನ್ನು ಕತ್ತರಿಸುವ ಇ.ಎಸ್.ಬಿ.ಎಲ್. ಕಿಣ್ವ ಇದ್ದ ನಾಲ್ಕು ಉಳಿದು, ಮಿಕ್ಕವು ಸತ್ತರೆ, ಆ ನಾಲ್ಕರ ಸಂತಾನವೇ ಕರುಳು ತುಂಬುತ್ತದೆ. ನೆಗಡಿ ತಾನಾಗಿಯೇ ಹೋಗುತ್ತದೆ, ಮಾತ್ರೆಗೆ ಹೆಸರು ಬರುತ್ತದೆ. ತಿಂಗಳ ನಂತರ ಅದೇ ಮನುಷ್ಯರಿಗೆ ಉರಿಮೂತ್ರ ಬರುತ್ತದೆ. ಮೂತ್ರನಾಳದ ಸೋಂಕು ಬಹುಪಾಲು ಬರುವುದು ಸ್ವಂತ ಕರುಳಿನ ಇ. ಕೊಲೈಯಿಂದಲೇ. ಈಗ ಸೆಫಿಕ್ಸಿಮ್ ಕೊಟ್ಟರೆ ಹಿಡಿಯುವುದಿಲ್ಲ. “ಮೈಗೆ ಒಗ್ಗಿಹೋಗಿದೆ” ಎಂದು ಅವರು ಹೇಳುವುದು ಆಗ.

ಇದಕ್ಕೆ ಇನ್ನೊಂದು ಸುತ್ತು ಇದೆ. ಆ ಕಿಣ್ವದ ಜೀನ್ ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರದ ಮೇಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ನಿರುಪದ್ರವಿಯೊಂದು ರೋಗಕಾರಿಗೆ ಕತ್ತಿ ಎರವಲು ಕೊಟ್ಟ ಹಾಗೆ. ಹಾಗಾಗಿ ‘ಕೊಟ್ಟರೆ ಲಾಭವಿಲ್ಲದಿದ್ದರೂ ನಷ್ಟವಿಲ್ಲ’ ಎಂಬುದು ಕೌಂಟರ್‌ನಲ್ಲಿ ಹೇಳುವ ಅತಿ ದುಬಾರಿ ಸುಳ್ಳು.

ಕಾನೂನಿನ ಭಾಗ, ಮತ್ತು ನನ್ನ ಮುರಿದ ಅಡ್ಡದಾರಿ

ಶೆಡ್ಯೂಲ್ ಎಚ್ ಎಂಬ ಕಾನೂನಿನ ಔಷಧ ಪಟ್ಟಿ ನಿಮಗೆ ಗೊತ್ತೇ ಇದೆ, ಅದರಲ್ಲಿರುವವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2013ರಲ್ಲಿ ಅಧಿಸೂಚನೆಯಾಗಿ 2014ರ ಮಾರ್ಚ್ 1ರಿಂದ ಜಾರಿಯಾದ ಎಚ್‌1 ಪಟ್ಟಿಯಲ್ಲಿ 46 ಔಷಧಗಳಿದ್ದವು. ಇವಕ್ಕೆ ಚೀಟಿಯ ಜೊತೆಗೆ ಪ್ರತ್ಯೇಕ ರಿಜಿಸ್ಟರ್ ಬೇಕು. ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಕೊಟ್ಟ ಪ್ರಮಾಣ ಬರೆದು ಮೂರು ವರ್ಷ ಇಡಬೇಕು.

ಈ ಪಟ್ಟಿಯನ್ನು ನೆನಪಿಡುವ ನನ್ನ ಅಡ್ಡದಾರಿ ಹೀಗಿತ್ತು: ಸೆಫ್‌ನಿಂದ ಶುರುವಾಗಿ ‘ಕ್ಸಿಮ್’ ಎಂದು ಮುಗಿದರೆ ಎಚ್‌1, ‘ಪೆನೆಮ್’ ಎಂದು ಮುಗಿದರೆ ಎಚ್‌1, ಟಿಬಿಯ ಔಷಧವಾದರೆ ಎಚ್‌1. ಸೆಫಿಕ್ಸಿಮ್, ಸೆಫ್ಪೊಡಾಕ್ಸಿಮ್, ಮೆರೊಪೆನೆಮ್, ರಿಫಾಂಪಿಸಿನ್ ಎಲ್ಲ ಸರಿ ಬಂದವು. ಸೆಫುರಾಕ್ಸಿಮ್ ಬಂದು ಕೆಡಿಸಿತು. ‘ಸೆಫ್’ ಹೆಸರಿನವು ಸೆಫಾಲೊಸ್ಪೊರಿನ್ ಎಂಬ ಆ್ಯಂಟಿಬಯಾಟಿಕ್ ಗುಂಪಿನವು, ಅವನ್ನು ತಲೆಮಾರುಗಳಾಗಿ ವಿಂಗಡಿಸುತ್ತಾರೆ. ಅದು ಎರಡನೆಯ ತಲೆಮಾರಿನದು, ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬಾಲ ನೋಡದೆ ತಲೆಮಾರು ನೋಡಿ: ಮೂರು ಮತ್ತು ನಾಲ್ಕನೆಯದು ಎಚ್‌1. ಲೆವೊಫ್ಲಾಕ್ಸಾಸಿನ್ ಒಳಗೆ, ಸಿಪ್ರೊಫ್ಲಾಕ್ಸಾಸಿನ್ ಹೊರಗೆ. ಇದಕ್ಕೆ ನನ್ನ ಬಳಿ ಉಪಾಯವಿಲ್ಲ, ಬಾಯಿಪಾಠವೇ.

ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ ‘ಅವೇರ್’ ವಿಂಗಡಣೆಯೊಂದಿಗೆ ಬೆರೆಸಬೇಡಿ. ಅಲ್ಲಿ ಆಕ್ಸೆಸ್, ವಾಚ್, ರಿಸರ್ವ್ ಎಂಬ ಮೂರು ಗುಂಪುಗಳು, ನಿರೋಧಕತೆಯ ಅಪಾಯದ ಮೇಲೆ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಆಕ್ಸೆಸ್. ಅಜಿತ್ರೊಮೈಸಿನ್ ವಾಚ್, ಆದರೆ ನಮ್ಮ 2013ರ ಎಚ್‌1ನಲ್ಲಿ ಇಲ್ಲ. ಲಿನೆಜೊಲಿಡ್ ರಿಸರ್ವ್, ಅದೂ ಇಲ್ಲ. ‘ರಿಜಿಸ್ಟರ್ ಬೇಡ’ ಎಂಬುದನ್ನು ‘ಅಪಾಯ ಕಡಿಮೆ’ ಎಂದು ಓದಿಕೊಂಡರೆ ಅಜಿತ್ರೊಮೈಸಿನ್ ಕಡಲೆಪುರಿಯಂತೆ ಹೋಗುತ್ತದೆ. ಅದರ ಅರ್ಧಾಯು, ಅಂದರೆ ದೇಹದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 68 ಗಂಟೆ. ಮೂರು ದಿನ ನುಂಗಿ ನಿಲ್ಲಿಸಿದ ಮೇಲೂ ಬಹಳ ದಿನ ತೆಳುವಾಗಿ ದೇಹದಲ್ಲಿ ಉಳಿಯುತ್ತದೆ. ಜರಡಿ ಅಲ್ಲಾಡುತ್ತಲೇ ಇರುತ್ತದೆ.

ಹಳೆಯ ಚೀಟಿ ತಂದು “ಹೋದ ಸಲದ್ದೇ ಕೊಡಿ” ಎನ್ನುವವರಿಗೆ: ಔಷಧ ನಿಯಮಗಳ 65ನೆಯ ನಿಯಮದ ಪ್ರಕಾರ, ವೈದ್ಯರು ಮತ್ತೆ ಕೊಡಬಹುದು ಎಂದು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ನಿಯಮದ ಮೇಲೆ ಹಾಕಿ ಇಲ್ಲವೆಂದರೆ ಮುಖ ಮುರಿಯುವುದಿಲ್ಲ, ನಾನು ಪ್ರಯತ್ನಿಸಿದ್ದೇನೆ.

ಕೊಡುವಾಗಿನ ಮಾತು

ಮಕ್ಕಳ ಒಣ ಸಿರಪ್‌ಗೆ ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯ ತನಕ ಹಾಕಿ ಕುಲುಕಿ ತೋರಿಸಿ. ಪುಡಿ ತಳದಲ್ಲೇ ಉಳಿದರೆ ಮೊದಲ ದಿನ ನೀರು, ಕೊನೆಯ ದಿನ ಮದ್ದಿನ ಮುದ್ದೆ. ಸಿಪ್ರೊಫ್ಲಾಕ್ಸಾಸಿನ್‌ ಅನ್ನು ಹಾಲು, ಕಬ್ಬಿಣದ ಮಾತ್ರೆಯ ಜೊತೆ ಬೇಡ, ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ‘ದಿನಕ್ಕೆ ಮೂರು’ ಎನ್ನುವ ಬದಲು ‘ಎಂಟು ಗಂಟೆಗೊಮ್ಮೆ’ ಎನ್ನಿ.

‘ಕೋರ್ಸ್ ಮುಗಿಸಿ’ ಎಂಬ ಬಗ್ಗೆ ಈಗ ತಜ್ಞರಲ್ಲೇ ಚರ್ಚೆಯಿದೆ; ಹಲವು ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಸಾಕೆಂದು ಕಂಡಿದೆ. ಟಿಬಿಗೆ ಇದು ಅನ್ವಯಿಸುವುದಿಲ್ಲ. ಎಷ್ಟು ದಿನ ಎಂಬುದು ವೈದ್ಯರ ತೀರ್ಮಾನ, ಅದನ್ನು ಮೊಟಕುಗೊಳಿಸುವ ಅಧಿಕಾರ ನಮಗಿಲ್ಲ.

ಆದರೆ ಮೊಟಕಾಗುತ್ತದೆ. ಕಳೆದ ವಾರ ಎಚ್‌1 ರಿಜಿಸ್ಟರ್ ಬರೆಯುತ್ತಿದ್ದಾಗ ಪ್ರಮಾಣದ ಕಾಲಂ ಕಣ್ಣಿಗೆ ಬಿತ್ತು. ಚೀಟಿಯಲ್ಲಿ ಸೆಫಿಕ್ಸಿಮ್ ಹತ್ತು, ರಿಜಿಸ್ಟರ್‌ನಲ್ಲಿ ನಾಲ್ಕು. “ಸದ್ಯಕ್ಕೆ ಎರಡು ದಿನದ್ದು ಕೊಡಿ, ಕಡಿಮೆಯಾಗದಿದ್ದರೆ ಬರುತ್ತೇನೆ” ಎಂದಿದ್ದರು, ಕೈಯಲ್ಲಿ ದುಡ್ಡಿರಲಿಲ್ಲ. ಜೆನೆರಿಕ್ ಹೆಸರು ಬರೆದ ಚೀಟಿಯಾಗಿದ್ದರೆ ಜನೌಷಧಿ ಕೇಂದ್ರಕ್ಕೆ ಕಳಿಸಬಹುದಿತ್ತು. ಬ್ರ್ಯಾಂಡ್ ಬರೆದದ್ದನ್ನು ನಾನಾಗಿ ಬದಲಿಸುವಂತಿಲ್ಲ, ವೈದ್ಯರಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಈಗ ನಾಲ್ಕು ಎಂದು ಬರೆದ ಸಾಲುಗಳ ಪಕ್ಕ ಪೆನ್ಸಿಲ್‌ನಲ್ಲಿ ಚುಕ್ಕೆ ಇಡುತ್ತಿದ್ದೇನೆ, ಉಳಿದ ಆರಕ್ಕೆ ಎಷ್ಟು ಜನ ಬರುತ್ತಾರೆ ಎಂದು ನೋಡಲು. ಇದುವರೆಗೆ ಏಳು ಚುಕ್ಕೆ, ಒಬ್ಬರು ಬಂದಿದ್ದಾರೆ.