ಬ್ಯಾಡಗಿ ಮೆಣಸಿನಕಾಯಿಯಷ್ಟು ಮರಿ

ಹುಬ್ಬಳ್ಳಿಗೆ ಕಾರವಾರದ ಕಡೆಯಿಂದ ಬರುವ ಶಾರ್ಕಿಗೆ ಕೊಂಕಣಿಯಲ್ಲಿ 'ಮೋರಿ' ಎನ್ನುತ್ತಾರೆ. ಮೈಸೂರಿನ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಗಟಾರ ನೆನಪಾಗಿ ಮುಖ ಸಿಂಡರಿಸಿದ್ದರು. ಹಳಸಿದ ಶಾರ್ಕ್ ಮಾಂಸಕ್ಕೆ ನಿಜಕ್ಕೂ ಮೂಗು ಮುಚ್ಚಬೇಕು. ಅದರ ಮೈತುಂಬ ಯೂರಿಯಾ ಇರುತ್ತದೆ, ಸತ್ತ ಮೇಲೆ ಅದು ಅಮೋನಿಯಾ ಆಗುತ್ತದೆ.

ನಾನು ಹೇಳಹೊರಟ ಶಾರ್ಕ್ ಮಾತ್ರ ಮೀನು ಮಾರುವವರ ಬುಟ್ಟಿಯಲ್ಲಿ ಸಿಗುವಂಥದ್ದಲ್ಲ. ಪೂರ್ತಿ ಬೆಳೆದರೂ 24 ಸೆಂಟಿಮೀಟರ್, ಅಂದರೆ ಒಂದು ಜೋಳದ ರೊಟ್ಟಿಯ ಅಗಲ. ಹೆಸರು ಮಾತ್ರ ಮೈಗಿಂತ ಉದ್ದ: ಎರಿಡ್ಯಾಕ್ನಿಸ್ ರ್ಯಾಡ್‌ಕ್ಲಿಫಿ. ಫಿಲಿಪೈನ್ಸ್ ಸಮುದ್ರದಲ್ಲಿ ಸಿಕ್ಕಿದ್ದನ್ನು ನೋಡಿ 1913ರಲ್ಲಿ ಅಮೆರಿಕದ ಮೀನುತಜ್ಞ ಹ್ಯೂ ಸ್ಮಿತ್ ಇದನ್ನು ವರ್ಣಿಸಿದರು. ನಮ್ಮ ನೈಋತ್ಯ ಕರಾವಳಿಯಾಚೆಯ ಆಳದಲ್ಲೂ ಇದರ ವಾಸವಿದೆ. ಕಂದು ಮೈ, ರಿಬ್ಬನ್ನಿನಂತೆ ನೀಳವಾದ ಬಾಲ, ಅದರ ಮೇಲೆ ಕಪ್ಪು ಪಟ್ಟಿ.

ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ ಸುಮಾರು 640 ಮೀಟರ್ ಮೇಲಿದೆ. ಅರಬೈಲು ಘಟ್ಟ ಇಳಿದು ಅಂಕೋಲೆ ಮುಟ್ಟಿದವರು, ಅಷ್ಟೇ ದೂರ ನೀರಿನೊಳಗೂ ಇಳಿಯುವುದನ್ನು ಊಹಿಸಿಕೊಳ್ಳಲಿ. ಈ ಶಾರ್ಕ್ ಅದಕ್ಕೂ ಕೆಳಗೆ, 766 ಮೀಟರ್ ಆಳದವರೆಗೂ ಸಿಕ್ಕಿದೆ. ಅಲ್ಲಿ ಕೆಸರು ತಳ, ಕತ್ತಲು. ನೀರಿನ ಒತ್ತಡ ಮೇಲಿನ ಗಾಳಿಯ ಒತ್ತಡದ ಎಪ್ಪತ್ತು ಪಟ್ಟಿಗೂ ಹೆಚ್ಚು. ಇಷ್ಟಾದರೂ ಅದು ಅಪ್ಪಚ್ಚಿಯಾಗುವುದಿಲ್ಲ. ಬೇರೆ ಅನೇಕ ಮೀನುಗಳಿಗಿರುವ ಗಾಳಿಚೀಲ ಶಾರ್ಕಿಗಿಲ್ಲ. ತೇಲಲು ಯಕೃತ್ತಿನ ಎಣ್ಣೆ ನೆರವಾಗುತ್ತದೆ, ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲ. ಆ ಯೂರಿಯಾದ ಜೊತೆಗೆ ಮೈಯಲ್ಲಿರುವ ಇನ್ನೊಂದು ರಾಸಾಯನಿಕ, ಒತ್ತಡಕ್ಕೆ ಪ್ರೋಟೀನುಗಳ ಆಕಾರ ಕೆಡದಂತೆ ಕಾಯುತ್ತದೆ. ಸಣ್ಣ ಮೀನು, ಸಿಗಡಿ ಜಾತಿಯ ಜೀವಿಗಳು, ಪುಟ್ಟ ಸ್ಕ್ವಿಡ್ ಇದರ ಊಟ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಬಾಣಂತನ. ಮೊಟ್ಟೆ ಹೊರಗಿಡದೆ, ಒಂದೋ ಎರಡೋ ಮರಿಗಳನ್ನು ಹೊಟ್ಟೆಯಲ್ಲೇ ಬೆಳೆಸಿ ಹೆರುತ್ತದೆ. ಹೊಕ್ಕುಳಬಳ್ಳಿಯ ನಂಟಿಲ್ಲ; ತತ್ತಿಯ ಬಂಡಾರವೇ ಮರಿಗೆ ಬುತ್ತಿ. ಹುಟ್ಟುವಾಗಲೇ ಮರಿ ಸುಮಾರು 11 ಸೆಂಟಿಮೀಟರ್. ಬ್ಯಾಡಗಿ ಪೇಟೆಯಲ್ಲಿ ರಾಶಿ ಹಾಕಿದ ಮೆಣಸಿನಕಾಯಿಯಿಂದ ಒಂದನ್ನು ಎತ್ತಿ ರೊಟ್ಟಿಯ ಮೇಲಿಡಿ: ಅದು ಮರಿ, ರೊಟ್ಟಿಯಗಲ ತಾಯಿ. ಅತಿ ದೊಡ್ಡ ತಾಯಿಗೂ ಮರಿ ಹೆಚ್ಚುಕಡಿಮೆ ಅರ್ಧದಷ್ಟು! ಸಾವಿರಗಟ್ಟಲೆ ತತ್ತಿ ಚೆಲ್ಲುವ ಬಂಗಡೆ, ಬೂತಾಯಿಗಳ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಕೇರಳದ ಆಚೆ ಆಳ ಸಮುದ್ರದ ಸಿಗಡಿಗೆಂದು ಎಳೆಯುವ ಬಲೆಯಲ್ಲಿ ಇದೂ ಬಂದು ಬೀಳುತ್ತದೆ. ಮಾಂಸವೆಂದರೆ ಒಂದು ತುತ್ತೂ ಇಲ್ಲ. ಹಾಗಾಗಿ ಘಟ್ಟ ಹತ್ತಿ ಹುಬ್ಬಳ್ಳಿಯವರೆಗೆ ಬರುವ ಪ್ರಮೇಯವೇ ಇಲ್ಲ.